ಒಳಗೆ ಯಾರಿದ್ದೀರಿ?

ಭಾನುವಾರ ಬೆಳಗ್ಗೆ ಆರಕ್ಕೆ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ "ಒಳಗೆ ಯಾರಿದ್ದೀರಿ?" ಎಂದು ಕೂಗು ಹಾಕುವವನು ಲಿಫ್ಟಣ್ಣ. ಕೆಟ್ಟು ನಿಂತ ಲಿಫ್ಟುಗಳ ಬಾಗಿಲನ್ನು ಮೂವತ್ತು ವರ್ಷ ತಟ್ಟಿ, ಒಳಗೆ ಸಿಕ್ಕಿಬಿದ್ದವರನ್ನು ಮಾತಾಡಿಸುತ್ತಲೇ ರಿಪೇರಿ ಮಾಡಿದವನಿಗೆ ನಿವೃತ್ತಿಯಾದರೂ ಆ ಚಟ ಬಿಟ್ಟಿಲ್ಲ. ಉತ್ತರಿಸದವರಿಗೆ ಫೋನು, ಫೋನೆತ್ತದವರ ಹೆಂಡತಿಗೆ ಫೋನು. "ರಜಾ ದಿನ ಮಲಗೋದೂ ತಪ್ಪೇನೋ, ಪ್ರಾಣ ತಿಂತೀಯಲ್ಲ!" ಎಂದು ಬೈದರೆ, "ಬೈತಿದ್ದೀಯ ಅಂದ್ರೆ ಉಸಿರಾಡ್ತಿದ್ದೀಯ, ಸಾಕು" ಎಂದು ಹೆಬ್ಬೆರಳು ತೋರಿಸುತ್ತಾನೆ. ಕಳೆದ ಭಾನುವಾರ ಎಂಟಾದರೂ ಅವನ ಸದ್ದಿಲ್ಲ. "ಇವತ್ತು ಬದುಕಿದ್ವಿ ಕಣ್ರೋ" ಎಂದು ನಕ್ಕವರೇ ಒಂಬತ್ತಕ್ಕೆ ಚಡಪಡಿಸಿದರು: "ಲಿಫ್ಟಣ್ಣ, ಒಳಗಿದ್ದೀಯಾ?" ಮನೆಯಲ್ಲಿ ಒಂಟಿಯಾಗಿ ಮಲಗಿದ್ದವನು ಬಹಳ ಹೊತ್ತಿನ ಮೇಲೆ ಬರೆದ: "ಇದ್ದೀನಿ. ಜ್ವರ, ಏಳೋಕಾಗ್ತಿಲ್ಲ. ಯಾರಾದ್ರೂ ಬರೋ ತನಕ ಮಾತಾಡ್ತಾ ಇರ್ರೋ."