ರೇವವ್ವನ ಬಲಗೈ

ಕುರಿಯ ಉಣ್ಣೆ ಕತ್ತರಿಸುವುದರಲ್ಲಿ ಹೊರ್ತಿಯ ಸೋಮನಿಂಗ ಹೆಸರಾದವನು. ಕಳೆದ ವರ್ಷ ಅವನ ಬಲಗೈ ಬೆರಳುಗಳಿಗೆ ಜೋಮು ಹಿಡಿಯತೊಡಗಿತು. ತಾಂಬಾ ಊರಿನಲ್ಲಿ ಉಣ್ಣೆ ಕತ್ತರಿಸುವಾಗ ಕತ್ತರಿ ಜಾರಿ ಕುರಿಯ ಕಿವಿಗೆ ತಾಗಿತು. ಕುರಿಯ ಯಜಮಾನ ಶಂಕರೆಪ್ಪ, "ಕುಡದು ಬಂದೀಯೇನೋ?" ಎಂದ. ಎಂದೂ ಕುಡಿಯದ ಸೋಮನಿಂಗ ತಲೆ ತಗ್ಗಿಸಿ ಮನೆಗೆ ಬಂದ.

ವಿಜಯಪುರದ ಡಾಕ್ಟರು ನರದ ಪರೀಕ್ಷೆ ಮಾಡಿಸಲು ಹೇಳಿದರು. ಹೆಂಡತಿ ರೇವವ್ವ ಜೊತೆಗೆ ಹೋದಳು. ಪರೀಕ್ಷೆ ಮಾಡುವ ಸೈದಾಬಿ ಅವನ ಹೆಬ್ಬೆರಳಿನ ಬುಡಕ್ಕೆ ತಂತಿಯ ಬಿಲ್ಲೆ ಅಂಟಿಸಿ, ಮಣಿಕಟ್ಟಿಗೆ ಸಣ್ಣಗೆ ಕರೆಂಟು ಮುಟ್ಟಿಸಿದಳು. ಹೆಬ್ಬೆರಳು ತಾನಾಗಿಯೇ ಜಿಗಿಯಿತು. ಪರದೆಯ ಮೇಲೆ ಗೆರೆಯೊಂದು ಎದ್ದು ಇಳಿಯಿತು.

"ಮಣಿಕಟ್ಟಿನ್ಯಾಗ ನರ ಒತ್ತಿಕೊಂಡೈತ್ರಿ. ಅದಕ್ಕ ಕರೆಂಟು ಬೆರಳಿಗಿ ತಡಾ ಮಾಡಿ ಮುಟ್ಟಾಕತ್ತೈತಿ," ಎಂದಳು ಸೈದಾಬಿ.

"ಹಂಗಾರ ನಾ ಕುಡದು ಕತ್ತರಿ ಜಾರಿಸಿಲ್ಲ ಅಂತ ಗೊತ್ತಾತಲ್ಲ," ಎಂದು ಸೋಮನಿಂಗ ಹಗುರಾದ.

ಆಗ ರೇವವ್ವ ಮೆಲ್ಲಗೆ ಕೇಳಿದಳು. "ಅಕ್ಕಾರ, ನನಗೂ ಬಾಳ ವರ್ಷದಿಂದ ಕೈ ಜೋಮು ಹಿಡಿತೈತ್ರಿ. ಸಾಮಾನು ಜಾರ್ತಾವು. ಅದೂ ಇದೇ ಏನ್ರಿ?"

ಸೋಮನಿಂಗನ ಮುಖ ಸಪ್ಪಗಾಯಿತು. ಒಮ್ಮೆ ಅವಳ ಕೈಯಿಂದ ಹಾಲಿನ ಚರಿಗೆ ಬಿದ್ದಾಗ, "ದುಡಿಯಾಕ ಮನಸಿಲ್ಲ, ಬೇಕಂತ ಬಿಡ್ತಾಳ" ಎಂದು ಬೀಗರೆದುರೇ ಅವಳಿಗೆ ಹೊಡೆದಿದ್ದ. ಅಂದಿನಿಂದ ಅವಳು ಎಲ್ಲವನ್ನೂ ಎರಡೂ ಕೈಯಿಂದ ಎದೆಗವಚಿ ಎತ್ತುತ್ತಿದ್ದಳು.

ಡಾಕ್ಟರ ಒಪ್ಪಿಗೆ ಪಡೆದು ಸೈದಾಬಿ ಅವಳ ಬಲಗೈಯನ್ನೂ ಪರೀಕ್ಷಿಸಿದಳು. ಕರೆಂಟು ಹೆಚ್ಚಿಸಿದರೂ ಹೆಬ್ಬೆರಳು ಅಲುಗಿದ್ದು ಕಂಡೂ ಕಾಣದಷ್ಟು. ಗೆರೆ ಹೆಚ್ಚುಕಡಿಮೆ ಮಲಗಿಯೇ ಇತ್ತು. ಹೆಬ್ಬೆರಳಿನ ಬುಡದ ಮಾಂಸ ಕರಗಿ ಗುಳಿ ಬಿದ್ದಿರುವುದನ್ನು ಸೋಮನಿಂಗ ಅಂದೇ ಮೊದಲು ನೋಡಿದ.

ಡಾಕ್ಟರು ಬಂದು ನೋಡಿ, "ಇವರದು ನಿಮಗಿಂತ ಹಳೇದೈತಿ. ಇಷ್ಟು ದಿನ ಯಾಕ ತೋರಸಲಿಲ್ಲ?" ಎಂದರು.

"ಮನಿ ಕೆಲಸದಾಗ ಪುರಸೊತ್ತು ಸಿಗಲಿಲ್ರಿ," ಎಂದಳು ರೇವವ್ವ.

ಹೊರಗೆ ಬಂದ ಮೇಲೆ ಅವನು ಕೇಳಿದ. "ನಾನು ಹೊಡದಿದ್ದು ಯಾಕ ಹೇಳಲಿಲ್ಲ?"

"ಮಂದಿ ಮುಂದ ಮಾನ ಕಳೀಬಾರದು," ಎಂದು ಅವಳು ಬಸ್ಸಿನ ಕಡೆ ನಡೆದಳು. ಅವಳ ಜೊತೆ ಹೆಜ್ಜೆ ಹಾಕಲೂ ಅವನಿಗೆ ನಾಚಿಕೆಯಾಯಿತು.

ಇಬ್ಬರಿಗೂ ಸಣ್ಣ ಆಪರೇಷನ್ ಆಯಿತು. ಅವನ ಕೈ ಮೊದಲಿನಂತಾಯಿತು. ಅವಳ ಜೋಮು ಹೋಯಿತು, ಹಿಡಿತ ಮಾತ್ರ ಮರಳಲಿಲ್ಲ. ಈಗ ಎಮ್ಮೆ ಹಿಂಡುವುದು, ನೀರು ತರುವುದು ಅವನ ಕೆಲಸ. ಅದನ್ನು ಕಂಡು ಓಣಿಯ ಗುಂಡವ್ವ, "ಹೆಂಡತಿ ಮ್ಯಾಲ ಎಷ್ಟು ಜೀವ ನೋಡು," ಎನ್ನುತ್ತಾಳೆ. ಆ ಹೊಗಳಿಕೆ ಕೇಳಲಾರದೆ ಸೋಮನಿಂಗ ಎದ್ದು ಕುರಿಹಟ್ಟಿಗೆ ಹೋಗುತ್ತಾನೆ.