ನಾಗನ ಸೊತ್ತಿನ ಕಂಬಳಿಹುಳಗಳು

ಕಾಪುವಿನ ಉಮಾನಾಥನಿಗೆ ಬಾರದ ವಿದ್ಯೆ ಒಂದೇ, ‘ಇಲ್ಲ’ ಎನ್ನುವುದು. ಬಹರೈನಿನಲ್ಲಿ ಕ್ರೇನ್ ಓಡಿಸುತ್ತಿದ್ದಾಗ ಇಬ್ಬರು ಮೇಸ್ತ್ರಿಗಳಿಗೂ ‘ಆಯ್ತು’ ಎಂದು, ಒಂದೇ ತೊಲೆಯನ್ನು ಹಗಲಿಡೀ ಮೇಲಕ್ಕೂ ಕೆಳಕ್ಕೂ ಆಡಿಸಿದ ಪುಣ್ಯಾತ್ಮ. ಊರಿಗೆ ಮರಳಿ ಕುಟುಂಬದ ನಾಗಬನದ ಪಕ್ಕದಲ್ಲೇ ಮನೆ ಕಟ್ಟಿಸಿದ. ಅಲ್ಲೇ ಕಟ್ಟು ಎಂದವನು ದೊಡ್ಡಪ್ಪನ ಮಗ ಮುದ್ದಣ್ಣ, ಕುಟುಂಬದ ಯಜಮಾನ. ಬೇಡ ಎಂದವಳು ಹೆಂಡತಿ ಕುಶಲಾ. ಇಬ್ಬರಿಗೂ ಆಯ್ತು ಎಂದಿದ್ದ.

ಈ ವರ್ಷ ಮಳೆ ಸ್ವಲ್ಪ ಬಿಡುವು ಕೊಟ್ಟದ್ದೇ ತಡ, ಬನದ ಮರಗಳಿಂದ ಕಂಬಳಿಹುಳಗಳು ದಿಬ್ಬಣ ಹೊರಟಂತೆ ಗೋಡೆ ದಾಟಿ ಬಂದವು. ಒಣಹಾಕಿದ ಬಟ್ಟೆ, ಚಪ್ಪಲಿ, ಗೇಟಿನ ಚಿಲಕ, ಎಲ್ಲೆಲ್ಲೂ ಅವೇ. ಕುಶಲಾಳ ಕೈ ಕುತ್ತಿಗೆಯೆಲ್ಲ ಕೆಂಪಗೆ ದದ್ದು ಎದ್ದಿತು.

"ತೆಂಗಿನ ಗರಿಯ ಸೂಟೆ ಹಚ್ಚಿ ಸುಟ್ಟುಬಿಡಿ," ಎಂದಳು.

"ಆಯ್ತು," ಎಂದ.

ಸೂಟೆಗೆ ಬೆಂಕಿ ತಾಗುವಷ್ಟರಲ್ಲಿ ಮುದ್ದಣ್ಣ ಓಡಿಬಂದ. "ಎಂತ ಮಾರಾಯ, ತಲೆ ಸರಿ ಉಂಟಾ ನಿನಗೆ? ಬನದ ಒಂದು ಎಲೆಯನ್ನೂ ನಾವು ಮುಟ್ಟುವುದಿಲ್ಲ. ಆ ಎಲೆ ತಿಂದು ಬೆಳೆದ ಹುಳ ನಾಗನ ಸೊತ್ತಲ್ವಾ? ಒಂದೂ ಸಾಯಬಾರದು. ಎಲ್ಲವನ್ನೂ ಬನಕ್ಕೇ ಹಿಂದೆ ಬಿಟ್ಟು ಬಾ."

"ಆಯ್ತು."

ಅಂದಿನಿಂದ ಉಮಾನಾಥ ಹೆಂಡತಿಯ ಹಪ್ಪಳ ಸುಡುವ ಇಕ್ಕಳದಲ್ಲಿ ಒಂದೊಂದೇ ಹುಳವನ್ನು ನಯವಾಗಿ ಹಿಡಿದು, ಬಕೆಟಿಗೆ ತುಂಬಿಸಿ, ಬನದಲ್ಲಿ ಬಿಟ್ಟುಬರುವುದನ್ನೇ ಕಸುಬು ಮಾಡಿಕೊಂಡ. ಬಿಡುವಾಗ ನಮ್ಮ ಕಡೆಯ ಮರ್ಯಾದೆಯಂತೆ "ಹೋಗಿ ಬನ್ನಿ" ಎನ್ನುತ್ತಿದ್ದ. ಹುಳಗಳೂ ಮರ್ಯಾದಸ್ಥರು, ಸಂಜೆಯೊಳಗೆ ಬಂದುಬಿಡುತ್ತಿದ್ದವು.

ಒಂದು ಬೆಳಿಗ್ಗೆ ಕುಶಲಾ ಬ್ಯಾಗು ಹಿಡಿದು ಅಂಗಳಕ್ಕಿಳಿದಳು. "ನಾನು ಎಲ್ಲೂರಿಗೆ, ತಾಯಿಮನೆಗೆ ಹೋಗುತ್ತೇನೆ. ತುರಿಕೆಗೆ ಮದ್ದು ಉಂಟು. ನಿಮ್ಮ ಈ ‘ಆಯ್ತು’ವಿಗೆ ಎಂತ ಮದ್ದು? ಹುಳ ಹೋದರೆ ಹೇಳಿ, ಬಂದು ನೋಡುತ್ತೇನೆ. ಉಳಿಯುತ್ತೇನೆ ಅಂತ ಮಾತ್ರ ಹೇಳುವುದಿಲ್ಲ."

ಅದಕ್ಕೂ ಆಯ್ತು ಎಂದುಬಿಟ್ಟ, ಬೆಪ್ಪ! ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಇಕ್ಕಳ ಹಿಡಿದು ನಿಂತೇ ಇದ್ದ.

ಮನೆ ಬಿಕೋ ಎನ್ನತೊಡಗಿತು. ಒಬ್ಬನಿಗೆಂದು ಬೇಯಿಸಿದ ಗಂಜಿ ಬಟ್ಟಲಲ್ಲೇ ತಣಿಯಿತು. ಅಷ್ಟರಲ್ಲಿ ಹುಳಗಳು ತಾವಾಗಿಯೇ ಕಾಣೆಯಾದವು. ತಮ್ಮ ರೋಮವನ್ನೇ ನೆಯ್ದು ಗೂಡು ಮಾಡಿಕೊಂಡು ಬನದ ತರಗೆಲೆಯಡಿ ಮಲಗಿದ್ದು ಅವನಿಗೇನು ಗೊತ್ತು? ಮುದ್ದಣ್ಣ ನಾಗನ ಕೃಪೆಯೆಂದು ಹಾಲು, ಎಳನೀರು ಅರ್ಪಿಸಿದ. ಉಮಾನಾಥ ಎಲ್ಲೂರಿಗೆ ಮೇಲಿಂದ ಮೇಲೆ ಫೋನು ಮಾಡಿದ.

ಕೋಪ ಇಳಿದು ಕುಶಲಾ ಬರುವಾಗ ಎಷ್ಟೋ ವಾರಗಳಾಗಿದ್ದವು. ಮನೆಯ ಮೂಲೆಮೂಲೆ ತಡಕಾಡಿದಳು. ಒಂದೂ ಹುಳವಿಲ್ಲ. ಆದರೂ "ಸಂಜೆ ಬಸ್ಸಿಗೆ ಹೊರಡುತ್ತೇನೆ" ಎಂದು ಜಗಲಿಯಲ್ಲೇ ಕುಳಿತಳು.

ದೀಪ ಹಾಕಿದ್ದೇ ತಡ, ಬನದ ಕಡೆಯಿಂದ ಪತಂಗಗಳು ಹೊರಟು ಬಂದವು. ಅರಿಶಿನ ಬಣ್ಣದವು, ಅಂಗೈಯಗಲ. ಬಲ್ಬಿನ ಸುತ್ತ, ಗೋಡೆಯ ಮೇಲೆ, ಕುಶಲಾಳ ಸೆರಗಿನ ಮೇಲೆ. ಅವಳು ಅಲುಗಾಡದೆ ಕುಳಿತು, "ಎಂತ ಚಂದ!" ಎಂದಳು.

ಮುದ್ದಣ್ಣ ಏದುಸಿರು ಬಿಡುತ್ತ ಬಂದ. "ಇವೂ ಬನದ್ದೇ! ದೀಪ ಆರಿಸು. ಹಿಡಿದು ಹಿಂದೆ ಬಿಡು, ಅವಳ ಸೆರಗಿನದ್ದನ್ನೂ!"

ಕುಶಲಾ ಗಂಡನ ಮುಖ ನೋಡಿದಳು. ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು.

ಉಮಾನಾಥ ಬಾಯಿಗೆ ಬಂದ ‘ಆಯ್ತು’ವನ್ನು ನುಂಗಿದ. "ಆಗುವುದಿಲ್ಲ ಮುದ್ದಣ್ಣ," ಎಂದ. "ಈಗ ಅವಕ್ಕೆ ರೆಕ್ಕೆ ಉಂಟು. ಬೇಕಾದಲ್ಲಿ ಕೂರಲಿ. ಇವಳ ಸೆರಗಿನಿಂದ ನಾನು ಒಂದನ್ನೂ ತೆಗೆಯುವುದಿಲ್ಲ."

ಮುದ್ದಣ್ಣ ಬೈಯಲು ಬಾಯಿ ತೆರೆದ. ಪತಂಗವೊಂದು ನೇರ ಒಳಗೆ ಹೊಕ್ಕಿತು. ನಾಗನ ಸೊತ್ತು, ನುಂಗುವ ಹಾಗಿಲ್ಲ, ಬಾಯಿ ಮುಚ್ಚುವ ಹಾಗೂ ಇಲ್ಲ. ಬಾಯಿ ತೆರೆದುಕೊಂಡೇ ಬನದತ್ತ ಓಡಿದ.

ಬಸ್ಸು ಗೇಟಿನೆದುರು ನಿಂತು, ಎರಡು ಸಲ ಕೂಗಿ, ಹೋಯಿತು.

"ಅಕ್ಕಿ ಎಲ್ಲಿಟ್ಟಿದ್ದೀರಿ?" ಕುಶಲಾ ಮೆಲ್ಲನೆ ಎದ್ದಳು. "ನಾಳೆ ಬೆಳಿಗ್ಗೆ ನೀರುದೋಸೆ ಮಾಡಬೇಕಾದರೆ ಈಗಲೇ ನೆನೆಹಾಕಬೇಕು."