ಕತ್ತಲು ತೋರಿಸಿದ ಕ್ಯಾಮೆರಾ

ಅಥವಾ ಆ ವೆಬ್‌ಕ್ಯಾಮೆರಾದ ದೀಪ ಹಸಿರಾಗಿತ್ತೇನೋ. ನೀಲಿ ಎಂದೇ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ನೀಲಿಯಾಗಿರಬಹುದು. ದೀಪ ಉರಿಯುತ್ತಿತ್ತು, ಚಿತ್ರ ಬರುತ್ತಿರಲಿಲ್ಲ. ಇಷ್ಟು ಮಾತ್ರ ಖಚಿತ.

ಬಂಗಾರಪೇಟೆಯ ನಮ್ಮ ಮನೆಯಲ್ಲಿ ಅಮ್ಮ ಸೊಂಟದ ಮೂಳೆ ಮುರಿದುಕೊಂಡು ಮಂಚ ಹಿಡಿದಿದ್ದಳು. ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸಿನಲ್ಲಿ ಅವಳ ಅಣ್ಣ, ಗಣಿಯಲ್ಲಿ ದುಡಿದು ಬಂದ ನನ್ನ ಸೋದರಮಾವ, ಗಂಟಲಿನ ಆಪರೇಷನ್ ಆಗಿ ಮಾತು ಕಳೆದುಕೊಂಡಿದ್ದರು. ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ, ಇಬ್ಬರಿಗೂ ದಾಟಲಾಗದ್ದು. ಫೋನಿನಲ್ಲಿ ಅಮ್ಮ ಒಬ್ಬಳೇ ಮಾತಾಡಿ, ಆ ಕಡೆಯ ಉಸಿರು ಕೇಳಿ ಇಟ್ಟುಬಿಡುತ್ತಿದ್ದಳು. ಮಾವನಿಗೆ ಇನ್ನು ಹೆಚ್ಚು ದಿನವಿಲ್ಲ ಎಂದಿದ್ದರು ಡಾಕ್ಟರು. ತಂಗಿಯ ಮುಖ ನೋಡಬೇಕೆಂದು ಅವರು ಸನ್ನೆ ಮಾಡಿ ಕೇಳಿದರಂತೆ.

ಮನೆಗಿದ್ದ ಒಂದೇ ಟಚ್ ಫೋನು, ಕೆಲಸಕ್ಕೆ ಹೊರಟ ಹೆಂಡತಿಯ ಜೊತೆ ಬೆಳಗಿನ ರೈಲಿಗೆ ಹೋಗಿತ್ತು. ಅವಳು ಬರುವತನಕ ಕಾಯೋಣವೆಂದರೆ, ಸಂಜೆಯ ಹೊತ್ತಿಗೆ ಮಾವನಿಗೆ ಎಚ್ಚರವೇ ಇರುತ್ತಿರಲಿಲ್ಲ. ಮನೆಯಲ್ಲಿದ್ದದ್ದು ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರು, ಅದಕ್ಕಿಂತ ಹಳೆಯದಾದ ಯುಎಸ್‌ಬಿ ಕ್ಯಾಮೆರಾ.

ಮಾವನ ಮಗಳು ವಿಡಿಯೋ ಕರೆ ಮಾಡಿದಳು. ಮಾವ ನಮಗೆ ಕಂಡರು. ನಾವು ಅವರಿಗೆ ಕಾಣಲಿಲ್ಲ.

“ಏನ್ ಬಾವ, ಗಣಿ ಶಾಫ್ಟ್ ಒಳಗಿಂದ ಮಾತಾಡ್ತಿದ್ದೀರಾ? ಬರೀ ಕತ್ಲು!” ಎಂದಳು. ಮಾವನ ಹೆಗಲು ಅಲುಗಿತು, ನಕ್ಕಿರಬೇಕು.

ಟರ್ಮಿನಲ್ ತೆರೆದು ಆಜ್ಞೆ ಕೊಟ್ಟರೆ ಕ್ಯಾಮೆರಾದ ಹೆಸರು ಸರಿಯಾಗಿಯೇ ಬಂತು. ಅದು ಇದೆಯೆಂದು ಕಂಪ್ಯೂಟರಿಗೆ ಗೊತ್ತು. ಮುಂದಿನ ಪೋರ್ಟಿನಿಂದ ಕಿತ್ತು ಹಿಂದಿನದಕ್ಕೆ ಚುಚ್ಚಿದೆ. ಡ್ರೈವರ್ ತೆಗೆದು ಮತ್ತೆ ಹಾಕಿದೆ. ಬೇರೆ ಯಾವುದಾದರೂ ಪ್ರೋಗ್ರಾಂ ಅದನ್ನು ಹಿಡಿದು ಕೂತಿದೆಯೇ ಎಂದು ಹುಡುಕಿದೆ. ಇದೇ ಕ್ರಮದಲ್ಲಿ ಮಾಡಿದೆನೋ, ಆಮೇಲೆ ಜೋಡಿಸಿಕೊಂಡೆನೋ ಹೇಳಲಾರೆ. ಬೆಳಕಿನ ಮಟ್ಟವನ್ನು ಕೊನೆಯವರೆಗೆ ಏರಿಸಿದಾಗ ಕಪ್ಪು ಹೋಗಿ ಗಾಢ ಕೆಂಪಾಯಿತು. ಟಾರ್ಚನ್ನು ಅಂಗೈಯಿಂದ ಮುಚ್ಚಿದರೆ ಕಾಣುವ ಕೆಂಪು. ಬಣ್ಣದ ಫಾರ್ಮ್ಯಾಟ್ ತಪ್ಪಿದೆ, ಹಳೆಯ ಕ್ಯಾಮೆರಾಗಳಿಗೆ ಇದು ಮಾಮೂಲು ಎಂದುಕೊಂಡು ಅದರ ಬೆನ್ನು ಹತ್ತಿದೆ.

“ಏನ್ಲಾ, ಇನ್ನೂ ಆಗ್ನಿಲ್ವಾ? ನಮ್ಮಣ್ಣ ಎಷ್ಟೊತ್ತು ಕುಂತಿರ್ತಾನೆ?” ಎಂದಳು ಅಮ್ಮ.

“ಬಣ್ಣ ಸರಿಯಾಗಿ ಬರ್ತಿಲ್ಲಮ್ಮ. ಎಲ್ಲಾ ಕೆಂಪಗೆ ಕಾಣ್ತೈತೆ.”

ಅವಳು ಕ್ಯಾಮೆರಾದತ್ತ ಕೈ ಚಾಚಿದಳು. “ಅಂಗಾದ್ರೆ ನಾನಿಕ್ಕಿದ್ ಬೊಟ್ಟೇನ್ಲಾ ಅದು?”

ಆಯುಧಪೂಜೆ ಆಗಿ ವಾರವೂ ಕಳೆದಿರಲಿಲ್ಲ. ಮಂಚದ ಮೇಲೆ ಕೂತೇ ಎಲ್ಲಕ್ಕೂ ಬೊಟ್ಟಿಟ್ಟಿದ್ದಳು: ಈಳಿಗೆಮಣೆಗೆ, ಸ್ಪ್ಯಾನರಿಗೆ, ಮಿಕ್ಸಿಗೆ, ಕೈಗೆ ಕೊಟ್ಟ ಕ್ಯಾಮೆರಾಕ್ಕೆ. ಪೊರೆ ಬಂದ ಕಣ್ಣು. ನಡುವಿನ ಗುಂಡನೆಯ ಗಾಜನ್ನೇ ಹಣೆಯೆಂದುಕೊಂಡು, ಗಂಧ ಬಳಿದು, ಮೇಲೆ ದಪ್ಪಗೆ ಕುಂಕುಮ. ಪರದೆಯನ್ನೇ ನೋಡುತ್ತಿದ್ದ ನಾನು ಕ್ಯಾಮೆರಾದ ಮುಖ ನೋಡಿರಲಿಲ್ಲ.

“ನಮ್ಮಣ್ಣನ್ ಟೋಪಿ ದೀಪಕ್ಕೂ ಇಂಗೇ ಇಕ್ತಿದ್ದೆ. ಗಾಜು ಬಿಟ್ಟು ಇಕ್ಕಮ್ಮಿ, ಕೆಳಗೆ ಕಣ್ ಕಾಣಲ್ಲ ಅಂತ ಬೈತಿದ್ದ,” ಎಂದಳು.

ಗಣಿಯ ದೀಪವನ್ನು ಮನೆಗೆ ತರಲು ಬಿಡುತ್ತಿದ್ದರೇ? ಅಮ್ಮನ ನೆನಪನ್ನೂ ನಾನು ಪೂರ್ತಿ ನಂಬುವುದಿಲ್ಲ.

ಸೆರಗಿನ ತುದಿ ಒದ್ದೆ ಮಾಡಿಕೊಂಡು ಅವಳೇ ಒರೆಸಿದಳು. ಪರದೆಯ ಮೂಲೆಯ ಚಿಕ್ಕ ಚೌಕದಲ್ಲಿ ಏನೋ ಮೂಡಿತು. ನಾನು ಏರಿಸಿಟ್ಟಿದ್ದ ಬೆಳಕಿಗೆ ಅದು ಸುಣ್ಣದ ಗೋಡೆಯಂತಿತ್ತು. ಇಳಿಸಿದೆ. ಅಮ್ಮನ ಮುಖವಾಯಿತು.

“ಅಣ್ಣಾ, ಕಾಣ್ತೀನೇನಣ್ಣಾ?”

ಮಾವನ ಚಿತ್ರ ಅಲ್ಲಿಗೇ ನಿಂತುಬಿಟ್ಟಿತು, ನೆಟ್‌ವರ್ಕ್ ತೊಂದರೆ ಇರಬೇಕು. ಕಣ್ಣು ಅರ್ಧ ತೆರೆದಿತ್ತು, ಅಥವಾ ಅರ್ಧ ಮುಚ್ಚಿತ್ತು. “ನೋಡ್ತಾವ್ರೆ ಅತ್ತೆ,” ಎಂದು ಮಾವನ ಮಗಳ ದನಿ ಬಂತು. ಕರೆ ಕಡಿದುಹೋಯಿತು. ಮತ್ತೆ ಸಿಕ್ಕಾಗ ಅವರು ನಿದ್ದೆ ಹೋಗಿದ್ದರು. ಆ ನಿದ್ದೆಯಿಂದ ಏಳಲಿಲ್ಲ.

ಮಾವ ನಿಜಕ್ಕೂ ನೋಡಿದರೇ ಎಂದು ತಿಥಿಯ ದಿನ ಮಾವನ ಮಗಳನ್ನು ಕೇಳಿದೆ. “ನಾನು ಅತ್ತೆ ಮೊಕಾನೇ ನೋಡ್ತಿದ್ದೆ ಬಾವ. ಅಪ್ಪನ್ ಕಡೆ ತಿರುಗ್ನಿಲ್ಲ. ನೋಡ್ತಾವ್ರೆ ಅಂತ ಅಂಗೇ ಅಂದ್ಬಿಟ್ಟೆ,” ಎಂದಳು.

ಅಣ್ಣ ತನ್ನನ್ನು ನೋಡಿಯೇ ಹೋದ ಎಂದು ಅಮ್ಮ ಹೇಳುತ್ತಾಳೆ. ನೋಡಿದರೋ ಇಲ್ಲವೋ, ನನಗೆ ಗೊತ್ತಿಲ್ಲ.